ಕ್ಯಾಸೆಟ್ಟಿನೊಳಗೆ ಕೂತು ಕಾದ ರೇಡಿಯೊ

ಜಹೀರಾಬಾದಿನ ಹತ್ತಿರದ ಮಾಚನೂರಿಗೆ ಹೋದದ್ದು ಸಂಘಂ ರೇಡಿಯೊ ನೋಡಲೆಂದು. ವಾಪಸು ಬಂದ ಮೇಲೂ ತಲೆಯಿಂದ ಇಳಿಯದಿರುವುದು ಅಲ್ಲಿ ಕೇಳಿದ ಕ್ಯಾಸೆಟ್‌ಗಳ ಕತೆ.

1956ರಲ್ಲಿ ಜಹೀರಾಬಾದ್, ನಾರಾಯಣಖೇಡಗಳನ್ನು ಬೀದರಿನಿಂದಲೂ ತಾಂಡೂರನ್ನು ಕಲಬುರಗಿಯಿಂದಲೂ ತೆಗೆದು ಆಂಧ್ರಕ್ಕೆ ಸೇರಿಸಿದರು. ಬೀಗರು ಬಿಜ್ಜರು ಮಾತ್ರ ಇದ್ದಲ್ಲೇ ಇದ್ದಾರೆ. ಸ್ಟುಡಿಯೊದಲ್ಲಿ ನಾನು ಮುರುಕು ತೆಲುಗು ಶುರು ಮಾಡಿದ್ದೇ ತಡ, ಅಲ್ಲಿದ್ದ ಹಿರಿಯಾಕೆ ನಕ್ಕು, “ಕನ್ನಡದಾಗೇ ಮಾತಾಡ್ರಿ ಅಣ್ಣ, ನಮ್ ತವರಮನಿ ಬೀದರ ಕಡಿ ಅದ” ಎಂದರು.

ಮೈಸೂರಿನ ಪಿ.ವಿ. ಸತೀಶ್ ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. 1983ರಲ್ಲಿ ಗೆಳೆಯರೊಂದಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಅದರ ಮಹಿಳಾ ಸಂಘಗಳಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಬೀಜ ಕಾಪಾಡಿಕೊಂಡು ನವಣೆ, ಸಜ್ಜೆಯಂಥ ಸಿರಿಧಾನ್ಯ ಬೆಳೆಯುವವರು. ಸಂಘಂ ರೇಡಿಯೊ ಇವರದೇ.

ಯುನೆಸ್ಕೊ ನೆರವಿನಿಂದ 1998ರ ಹೊತ್ತಿಗೇ ಮಾಚನೂರಿನಲ್ಲಿ ಸ್ಟುಡಿಯೊ ಎದ್ದಿತ್ತು. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಅನುಮತಿ ಮಾತ್ರ ಇಲ್ಲ. ಹೆಂಗಸರು ಸುಮ್ಮನೆ ಕೂರಲಿಲ್ಲ. ಬಿತ್ತನೆ, ಮದ್ದು, ಹಾಡು, ಜಗಳ, ಎಲ್ಲವನ್ನೂ ರೆಕಾರ್ಡ್ ಮಾಡಿದರು. ಕ್ಯಾಸೆಟ್‌ಗಳನ್ನು ಹಳ್ಳಿಗೆ ಒಯ್ದು, ಸಂಘದ ಸಭೆಯಲ್ಲಿ ಟೇಪ್‌ರೆಕಾರ್ಡರಿಗೆ ಹಾಕಿದರು. ಕೇಳಿದವರು ಅಲ್ಲೇ ತಕರಾರು ತೆಗೆಯುತ್ತಿದ್ದರಂತೆ. ಯಾವ ಆಕಾಶವಾಣಿಗೆ ಈ ಭಾಗ್ಯ! ಸುರುಳಿ ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿದ ತಲೆಮಾರಿನವನಾದ ನಾನು, ಯಾವ ಕಂಪನಿಯ ಟೇಪು, ಅಳಿಸಿ ಮತ್ತೆ ತುಂಬುತ್ತಿದ್ದಿರೋ ಎಂದೆಲ್ಲ ಕೇಳಿ ಸ್ಟುಡಿಯೊದ ಆ ಹಿರಿಯಾಕೆಯ ತಾಳ್ಮೆ ಪರೀಕ್ಷಿಸಿದೆ.

ಕ್ಯಾಸೆಟ್ಟಿನ ಈ ಪ್ರಸಾರ ಸುಮಾರು ಹತ್ತು ವರ್ಷ ನಡೆಯಿತು. ಅಷ್ಟರಲ್ಲಿ, 2001ರಲ್ಲೇ, ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಹಾಡತೊಡಗಿತ್ತು. ಶುಲ್ಕ ಕಟ್ಟುವ ಕಂಪನಿಗೆ ಸಿಕ್ಕ ಆಕಾಶ ಬೂದಿಕೋಟೆಗೂ ಸಿಗಲಿಲ್ಲ. ಕೋಲಾರ ಜಿಲ್ಲೆಯ ಆ ಊರಿನ ರೇಡಿಯೊ ‘ನಮ್ಮ ಧ್ವನಿ’ ಕೇಬಲ್ ತಂತಿಯಲ್ಲೇ ಹರಿಯಬೇಕಾಯಿತು. ಉದಾರೀಕರಣ ಯಾರ ಕಡೆಗೆ ಉದಾರವಾಗಿತ್ತು ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಡ. ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಕೊಡುವ ನೀತಿ ಬಂದದ್ದು 2006ರಲ್ಲಿ. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ 90.4 ಮೆಗಾಹರ್ಟ್ಸ್‌ನಲ್ಲಿ ಮಾತಾಡಿತು.

ಈ ಹೆಂಗಸರು ವಿಡಿಯೊ ಕ್ಯಾಮೆರಾವನ್ನೂ ಬಿಟ್ಟಿಲ್ಲ. ಬಿಟಿ ಹತ್ತಿಯ ಬೆನ್ನು ಹತ್ತಿ ವಾರಂಗಲ್ಲಿಗೆ ಹೋದರು. ಆಮೇಲೆ ದಕ್ಷಿಣ ಆಫ್ರಿಕಾ, ಮಾಲಿ, ಇಂಡೊನೇಷ್ಯಾ, ಥಾಯ್ಲೆಂಡಿನ ರೈತರನ್ನೂ ಮಾತಾಡಿಸಿದರು. ಜಾಗತೀಕರಣದ ರಸ್ತೆಯಲ್ಲಿ ಇವರು ಎದುರುದಿಕ್ಕಿನಿಂದ ಬಂದವರು. ಆದರೂ ಒಂದು ತಕರಾರು: ಈ ಚಿತ್ರಗಳ ತೀರ್ಪು ಶೀರ್ಷಿಕೆಯಲ್ಲೇ ಬಂದುಬಿಡುತ್ತದೆ. ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಇಂದಿಗೂ ಬಿಟಿಯೇ. ಅದನ್ನು ಬಿತ್ತುವವರೆಲ್ಲ ಮೋಸಹೋದವರೆಂದರೆ ನನಗೆ ಒಪ್ಪಿಗೆಯಿಲ್ಲ.

ಸಿರಿಧಾನ್ಯದ ವಿಷಯದಲ್ಲಂತೂ ಲೋಕವೇ ಇವರ ಹಾದಿಗೆ ಬಂತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದಿತು; ಆ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಜಾಗತಿಕ ಸಮ್ಮೇಳನ ನಡೆಯುತ್ತಿದ್ದಾಗಲೇ, 19ರಂದು, ಸತೀಶ್ ತೀರಿಕೊಂಡರು. ಬಡವರ ಮುದ್ದೆ, ರೊಟ್ಟಿಯ ಕಾಳು ಈಗ ಬೆಂಗಳೂರಿನ ಮಾಲ್‌ಗಳಲ್ಲಿ ಅಂದದ ಪೊಟ್ಟಣ ಸೇರಿದೆ. ಬೆಳೆದವಳಿಗೆ ಅದರಲ್ಲಿ ಎಷ್ಟು ಪಾಲು ಎಂದು ಪೊಟ್ಟಣದ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಪ್ರಸಾರ ಸಂಜೆ ಏಳರಿಂದ ಒಂಬತ್ತು. ಕೇಳೋಣವೆಂದು ಚಹಾ ಅಂಗಡಿಯ ಹುಡುಗನ ಹೊಸ ಫೋನು ಕೇಳಿ ಪಡೆದೆ. ಅದರಲ್ಲಿ ಎಫ್‌ಎಂ ಇಲ್ಲ. ಆಂಟೆನಾ ಆಗಬೇಕಾದ ತಂತಿಯ ಇಯರ್‌ಫೋನಿಗೆ ತೂತೂ ಇಲ್ಲ. ಫೋನ್‌ಗಳಲ್ಲಿ ಎಫ್‌ಎಂ ಮುಚ್ಚಬೇಡಿ ಎಂದು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಹೇಳಿದ್ದುಂಟು. ಬರೀ ಸಲಹೆ, ಕಡ್ಡಾಯವಲ್ಲ.