ಹಿಮದಲ್ಲಿ ಅಂಗಿಯೂ ಆಯುಧ

ಮಾಗಿಯ ಮುಂಜಾನೆ ಹಾಸನ ತಾಲ್ಲೂಕಿನ ದುದ್ದದ ಕಡೆ ಮಂಜು ಕವಿದಾಗ ರೈತ ಕಂಬಳಿ ಹೊದ್ದು ಹೊಲಕ್ಕೆ ಹೊರಡುತ್ತಾನೆ. ಬಿಸಿಲೇರಿದರೆ ಕಂಬಳಿ ಹೆಗಲಿಗೆ ಹೋಗುತ್ತದೆ. ಇಲ್ಲಿನ ಚಳಿ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಅಪರೂಪ. ಇಂಥ ಸೀಮೆಯಲ್ಲಿ ಹುಟ್ಟಿ, ಹಿಮವನ್ನು ಚಿತ್ರದಲ್ಲಷ್ಟೇ ಕಂಡ ಹುಡುಗರು ಸೈನ್ಯ ಸೇರಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಕಾವಲು ನಿಲ್ಲುತ್ತಾರೆ.

ಇದೇ ತಾಲ್ಲೂಕಿನ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್ ಅಂಥವರಲ್ಲೊಬ್ಬರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ನಾಗೇಶ್, ಎಚ್.ಡಿ. ಕೋಟೆ ತಾಲ್ಲೂಕಿನ ಮಹೇಶ್ ಮತ್ತು ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಲ್ಲಿದ್ದ ಕನ್ನಡಿಗರು. ಹನುಮಂತಪ್ಪ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರೂ ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಂಥ ಎತ್ತರದಲ್ಲಿ ಮನುಷ್ಯ ಬದುಕುವುದೇ ತಾನು ತೊಟ್ಟ ಉಡುಪಿನ ಬಲದ ಮೇಲೆ. ಆ ಉಡುಪಿಗೂ ಒಂದು ಚರಿತ್ರೆ ಇದೆ.

ಮೊದಲು ಚಳಿಯ ಸ್ವಭಾವ ನೋಡೋಣ. ದೇಹ ತಣ್ಣಗಾಗತೊಡಗಿದಾಗ ಹೃದಯ, ಮಿದುಳುಗಳನ್ನು ಕಾಪಾಡಲು ಕೈಕಾಲುಗಳ ರಕ್ತನಾಳಗಳು ಕುಗ್ಗುತ್ತವೆ. ಬೆರಳು, ಮೂಗು, ಕಿವಿಗಳಿಗೆ ರಕ್ತ ಕಡಿಮೆಯಾಗಿ ಅಲ್ಲಿನ ಮಾಂಸ ಹೆಪ್ಪುಗಟ್ಟುತ್ತದೆ. ಇದೇ ಹಿಮಕಡಿತ. ಮಿತಿ ಮೀರಿದರೆ ಬೆರಳು ಕತ್ತರಿಸುವುದೊಂದೇ ದಾರಿ. ಇನ್ನೊಂದು ಶತ್ರು ಬೆವರು. ಹೊರೆ ಹೊತ್ತು ಏರುವವನು ಹಿಮದಲ್ಲೂ ಬೆವರುತ್ತಾನೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ನಿಂತೊಡನೆ ಒದ್ದೆ ಅಂಗಿಯೇ ಅವನನ್ನು ಕೊಲ್ಲಬಲ್ಲದು. ಆದ್ದರಿಂದ ಹಿಮದ ಉಡುಪು ಒಂದೇ ದಪ್ಪ ಕೋಟಲ್ಲ. ಅದು ಪದರಗಳ ಏರ್ಪಾಡು. ಒಳಪದರ ಬೆವರನ್ನು ಮೈಯಿಂದ ದೂರ ಒಯ್ಯುತ್ತದೆ, ನಡುವಿನದು ಗಾಳಿಯನ್ನು ಹಿಡಿದಿಡುತ್ತದೆ, ಹೊರಗಿನದು ಬೀಸುಗಾಳಿಯನ್ನು ತಡೆಯುತ್ತದೆ. ನಮ್ಮ ಕಂಬಳಿ ಬೆಚ್ಚಗಿರುವುದೂ ಕುರಿಯ ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದಲೇ.

ಈ ಜ್ಞಾನ ಮೊದಲು ಇದ್ದದ್ದು ಬೆಟ್ಟದ ಜನರಲ್ಲಿ. ಅದನ್ನು ಅವರಿಂದ ಪಡೆದು ಸಮವಸ್ತ್ರವಾಗಿಸಿಕೊಂಡ ಸೇನೆಗಳಲ್ಲಿ ಜರ್ಮನಿಯ ಪರ್ವತ ಪಡೆ ಪ್ರಸಿದ್ಧವಾದುದು. ಇದರಲ್ಲಿ ಬವೇರಿಯಾ ಮತ್ತು ಆಸ್ಟ್ರಿಯಾದ ಗುಡ್ಡಗಾಡಿನವರೇ ಹೆಚ್ಚು. ಎತ್ತರದ ಬಂಡೆಗಳಲ್ಲಿ ಅರಳುವ ಬಿಳಿಯ ಎಡೆಲ್‌ವೈಸ್ ಹೂವು ಇವರ ಲಾಂಛನ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯನ್ನರಿಂದ ಬಂದ ಈ ಗುರುತನ್ನು 1939ರಿಂದ ಟೋಪಿಯ ಎಡಬದಿಯಲ್ಲೂ ಬಲತೋಳಿನ ಮೇಲೂ ಧರಿಸತೊಡಗಿದರು. ಆ ಟೋಪಿಯ ಮಡಿಕೆಯನ್ನು ಬಿಚ್ಚಿ ಇಳಿಸಿದರೆ ಕಿವಿ ಮುಚ್ಚುತ್ತಿತ್ತು. ಗಾಳಿ ತಡೆಯುವ ನಿಲುವಂಗಿ, ಒಂದು ಮಗ್ಗುಲು ಬಿಳಿಯಾಗಿದ್ದು ತಿರುಗಿಸಿ ತೊಡಬಹುದಾದ ಮೇಲಂಗಿ, ಸಡಿಲ ಷರಾಯಿ, ಹಿಮ ಒಳನುಗ್ಗದಂತೆ ಕಣಕಾಲಿಗೆ ಸುತ್ತುವ ಪಟ್ಟಿ, ಅಟ್ಟೆಯ ಅಂಚಿಗೆ ಕಬ್ಬಿಣದ ಮೊಳೆ ಹೊಡೆದ ಬೂಟು, ಹಗ್ಗ, ಹಿಮಗೊಡಲಿ, ಸ್ಕೀ ಹಲಗೆಗಳು ಇವು ಅವರ ಸರಂಜಾಮು. ಅವರ ಪರ್ವತ ಫಿರಂಗಿಯೊಂದನ್ನು ಎಂಟು ಭಾಗಗಳಾಗಿ ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರಬಹುದಿತ್ತು.

ಈ ಬೂಟಿನಲ್ಲಿ ಒಂದು ಕೊರತೆಯೂ ಇತ್ತು. ಮೊಳೆ ಬಂಡೆಯನ್ನು ಹಿಡಿದರೂ ಕಬ್ಬಿಣವಾದ್ದರಿಂದ ಪಾದದ ಶಾಖವನ್ನು ಹಿಮಕ್ಕೆ ಹರಿಸುತ್ತಿತ್ತು. ಗೆಳೆಯರು ಪರ್ವತದಲ್ಲಿ ಸತ್ತದ್ದನ್ನು ಕಂಡ ಇಟಲಿಯ ವಿತಾಲೆ ಬ್ರಮಾನಿ 1930ರ ದಶಕದಲ್ಲಿ ರೂಪಿಸಿದ ಹಲ್ಲುಹಲ್ಲಿನ ರಬ್ಬರ್ ಅಟ್ಟೆಯೇ ಮುಂದೆ ಇದಕ್ಕೆ ಪರಿಹಾರವಾಯಿತು.

ಒಂದು ಪಡೆಗೆ ಗೊತ್ತಿದ್ದುದು ಇಡೀ ಸೇನೆಗೆ ಒದಗಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. 1941ರಲ್ಲಿ ರಷ್ಯಾದ ಮೇಲೆ ದಂಡೆತ್ತಿ ಹೋದ ಹಿಟ್ಲರ್, ಚಳಿಗಾಲಕ್ಕೆ ಮುನ್ನ ಯುದ್ಧ ಮುಗಿಯುತ್ತದೆಂದು ನಂಬಿದ್ದ. ಡಿಸೆಂಬರಿನಲ್ಲಿ ಮಾಸ್ಕೋ ಬಾಗಿಲಲ್ಲಿ ಸಾಮಾನ್ಯ ಸೈನಿಕರು ಸಾಕಷ್ಟು ಬೆಚ್ಚನೆಯ ಉಡುಪಿಲ್ಲದೆ ನಡುಗುತ್ತಿದ್ದಾಗ, ಜರ್ಮನಿಯ ಮನೆಮನೆಯಿಂದ ಉಣ್ಣೆ, ತುಪ್ಪಳ, ಸ್ಕೀ ಹಲಗೆ ಕೊಡಿರೆಂದು ಸರ್ಕಾರವೇ ಬೇಡಬೇಕಾಯಿತು. ಆ ಚಳಿಗಾಲದ ಹಿಮಕಡಿತದ ಪ್ರಕರಣಗಳು ಲಕ್ಷ ದಾಟಿದವು. ಬದುಕಿ ಬಂದವರಿಗೆ ಕೊಟ್ಟ ಪದಕಕ್ಕೆ ಸೈನಿಕರೇ ಇಟ್ಟ ಅಡ್ಡಹೆಸರು ‘ಹೆಪ್ಪುಗಟ್ಟಿದ ಮಾಂಸದ ಪದಕ’.

ಉಡುಪಿನ ಜಾಣ್ಮೆಯನ್ನು ಮೆಚ್ಚುವಾಗ ಅದನ್ನು ತೊಟ್ಟವರ ಕೃತ್ಯವನ್ನು ಮರೆಯಬಾರದು. 1943ರ ಆಗಸ್ಟ್‌ನಲ್ಲಿ ಗ್ರೀಸಿನ ಕೊಮ್ಮೆನೊ ಗ್ರಾಮದಲ್ಲಿ ಮಕ್ಕಳು ಮುದುಕರೆನ್ನದೆ 300ಕ್ಕೂ ಹೆಚ್ಚು ಜನರನ್ನು ಕೊಂದವರು ಇದೇ ಹೂವು ಧರಿಸಿದ್ದ ಸೈನಿಕರು.

ನಮ್ಮ ದೇಶದಲ್ಲಿ ಹಿಮಯುದ್ಧದ ಪಾಠಶಾಲೆಗೆ ಅಡಿಪಾಯ ಹಾಕಿದವರು ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಗೆದ್ದ ಮೇಜರ್ ಜನರಲ್ ಅವರು. ಮರುತಿಂಗಳೇ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸೈನಿಕರಿಗಾಗಿ ಸ್ಕೀ ಶಾಲೆ ತೆರೆದರು. ಇಂದಿನ ಉನ್ನತ ಪರ್ವತ ಯುದ್ಧ ಶಾಲೆ ಬೆಳೆದದ್ದು ಅದರಿಂದಲೇ. ಮಂಜಿನ ಕೊಡಗಿನಿಂದ ಬಂದವರು ಹಿಮದ ಶಾಲೆ ಕಟ್ಟಿದ್ದು ಕನ್ನಡನಾಡು ನೆನೆಯಬೇಕಾದ ಸಂಗತಿ.

ಶಾಲೆಯಿದ್ದರೂ ಪಾಠ ಎಲ್ಲರಿಗೂ ತಲುಪಲಿಲ್ಲ. ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾದರು. ಮರುವರ್ಷ ಚೀನಾ ಯುದ್ಧದಲ್ಲಿ ನಮ್ಮ ಅನೇಕ ಸೈನಿಕರು ಹತ್ತಿಯ ಸಮವಸ್ತ್ರ, ಕ್ಯಾನ್ವಾಸ್ ಬೂಟಿನಲ್ಲೇ ಹಿಮಾಲಯ ಏರಿದರು. ಮಾಸ್ಕೋದಲ್ಲಿ ಜರ್ಮನ್ನರಿಗಾದದ್ದೇ ಇಲ್ಲೂ ಆಯಿತು: ಬಲ್ಲವರು ಇದ್ದರು, ಬಟ್ಟೆ ಇರಲಿಲ್ಲ.

1984ರ ಏಪ್ರಿಲ್ 13ರಂದು ಸಿಯಾಚಿನ್‌ಗೆ ಪಡೆ ಇಳಿಸುವಾಗ ಹಿಮದ ಉಡುಪನ್ನು ಯೂರೋಪಿನಿಂದ ತರಿಸಬೇಕಾಯಿತು. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಬರಿಗೈಯಲ್ಲಿ ಬಂದೂಕಿನ ಲೋಹ ಮುಟ್ಟಿದರೂ ಚರ್ಮ ಅಂಟಿಕೊಳ್ಳುತ್ತದೆ. ಕಪ್ಪು ಕನ್ನಡಕವಿಲ್ಲದಿದ್ದರೆ ಹಿಮದಿಂದ ಚಿಮ್ಮುವ ಬೆಳಕಿಗೆ ಕಣ್ಣು ಕಾಣದಾಗುತ್ತದೆ. ಗುಂಡಿಗಿಂತ ಹೆಚ್ಚು ಜನರನ್ನು ಅಲ್ಲಿ ಬಲಿ ತೆಗೆದುಕೊಂಡದ್ದು ಹವೆ. ಇಷ್ಟಾದರೂ, 2020ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯು 2015–18ರ ಅವಧಿಯಲ್ಲಿ ಹಿಮ ಕನ್ನಡಕಗಳ ಕೊರತೆ ಶೇ 62ರಿಂದ 98ರಷ್ಟಿತ್ತೆಂದು ಹೇಳಿತು. ಬೂಟುಗಳೂ ಸಾಲದಾಗಿದ್ದವು; ಮುಖಗವಸು, ಜಾಕೆಟ್, ಮಲಗುವ ಚೀಲಗಳು ಹಳೆಯ ಮಾದರಿಯವು ಎಂದೂ ಅದು ಆಕ್ಷೇಪಿಸಿತು. ಆ ಬಳಿಕ, 2021ರ ಡಿಸೆಂಬರಿನಲ್ಲಿ, ಸೊನ್ನೆಗಿಂತ 50 ಡಿಗ್ರಿ ಕೆಳಗಿನವರೆಗೂ ತಾಳುವ ಮೂರು ಪದರದ ಸ್ವದೇಶಿ ಉಡುಪಿನ ತಂತ್ರಜ್ಞಾನವನ್ನು ರಕ್ಷಣಾ ಸಂಶೋಧನಾ ಸಂಸ್ಥೆ ಐದು ಭಾರತೀಯ ಕಂಪನಿಗಳಿಗೆ ಒಪ್ಪಿಸಿತು. ಸೈನಿಕರಿಗಾಗಿ ಕೆಡದ, ಹಗುರವಾದ ಆಹಾರ ರೂಪಿಸುವ ಕೆಲಸವಂತೂ 1961ರಿಂದ ನಮ್ಮ ಮೈಸೂರಿನ ಪ್ರಯೋಗಾಲಯದಲ್ಲೇ ನಡೆದುಬಂದಿದೆ.

ಹಿಮಕುಸಿತವನ್ನು ತಡೆಯುವ ಅಂಗಿ ಯಾವ ದೇಶದಲ್ಲೂ ಇಲ್ಲ. ತೇಜೂರಿನ ಸುಬೇದಾರರನ್ನು ಯಾವ ಬೂಟೂ ಉಳಿಸುತ್ತಿರಲಿಲ್ಲವೇನೋ. ಆದರೆ ಹಿಮಕಡಿತ, ಹಿಮಗುರುಡುಗಳನ್ನು ತಡೆಯಬಹುದು. ಅದಕ್ಕೆ ಬೇಕಾದುದು ಸಮಯಕ್ಕೆ ತಲುಪುವ ಒಂದು ಜೊತೆ ಬೂಟು, ಒಂದು ಕನ್ನಡಕ. ದುದ್ದದಿಂದ ಸೈನ್ಯಕ್ಕೆ ಸೇರುವ ಹುಡುಗ ಮನೆಯ ಕಂಬಳಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಅದರ ಬದಲಿಗೆ ಏನು ಹೊದಿಸುತ್ತೇವೆಂಬುದು ದೇಶದ ಹೊಣೆ.