ಸಬ್ಬಕ್ಕಿಯ ಬಿಳುಪು, ತೊಟ್ಟಿಯ ಹುಳಿ

ಬೇಸಿಗೆಯ ಸಂಡಿಗೆಗೆ, ಏಕಾದಶಿಯ ಕಿಚಡಿಗೆ ನಾವು ತರುವ ಸಬ್ಬಕ್ಕಿ ಹೆಚ್ಚಾಗಿ ತಮಿಳುನಾಡಿನ ಸೇಲಂ ಕಡೆಯದು. 1940ರ ದಶಕದಲ್ಲಿ ಯುದ್ಧದ ದೆಸೆಯಿಂದ ಮಲಯಾದ ಸಾಗೋ ಬರುವುದು ನಿಂತಾಗ, ಅಲ್ಲಿಯವರು ಮರಗೆಣಸಿನ ಪಿಷ್ಟದಿಂದ ಕಾಳು ಕಟ್ಟತೊಡಗಿದರು. ಉದ್ಯಮ ಬೆಳೆಯಿತು, ಜೊತೆಗೆ ಹುಳಿನಾತದ ಕೊಳಚೆ ನೀರೂ ಬೆಳೆಯಿತು.

ಹಸಿ ಗೆಡ್ಡೆಯ ತೂಕದಲ್ಲಿ ಪಿಷ್ಟ ಸುಮಾರು ಶೇ. 25ರಿಂದ 30. ಸಿಪ್ಪೆ ಸುಲಿದು, ತುರಿದು, ನೀರು ಹಾಯಿಸಿ ಜರಡಿ ಹಿಡಿದರೆ ಪಿಷ್ಟದ ಹಾಲು ಇಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಇದನ್ನು ತೊಟ್ಟಿಗೆ ತುಂಬಿ ಗಂಟೆಗಟ್ಟಲೆ ಕಾಯಬೇಕು. ಪಿಷ್ಟ ತಳ ಸೇರುವಷ್ಟರಲ್ಲಿ ರಸದ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಹುಳಿ ಮಾಡಿರುತ್ತವೆ, ಫಿನಾಲ್‌ಗಳು ಗಾಳಿ ತಾಗಿ ಬಣ್ಣಗೆಟ್ಟಿರುತ್ತವೆ. ಮಂಕಾದ ಹಿಟ್ಟಿಗೆ ಬೆಲೆ ಕಡಿಮೆ. ಅದಕ್ಕೇ ಮತ್ತೆ ಮತ್ತೆ ತೊಳೆಯುತ್ತಾರೆ, ಕೆಲವರು ಬ್ಲೀಚಿಂಗಿಗೂ ಇಳಿಯುತ್ತಾರೆ. ಅರ್ಧ ರಗಳೆ ಈ ಕಾಯುವಿಕೆಯದ್ದೇ ಎನ್ನಬೇಕು.

ಹೈಡ್ರೋಸೈಕ್ಲೋನ್ ಈ ಕಾಯುವಿಕೆಯನ್ನೇ ತಪ್ಪಿಸುತ್ತದೆ. ಬೆರಳಿಗಿಂತ ಸಣ್ಣ ಬಾಯಿಯ, ಕೆಳಗೆ ಚೂಪಾಗುತ್ತ ಹೋಗುವ ಪ್ಲಾಸ್ಟಿಕ್ ಕೊಳವೆ ಅದು. ಒಳಗೆ ತಿರುಗುವ ಭಾಗ ಒಂದೂ ಇಲ್ಲ, ತಿರುಗುವುದು ನೀರೇ. ಪಂಪು ಪಿಷ್ಟದ ಹಾಲನ್ನು ಓರೆಯಾಗಿ ಒಳನುಗ್ಗಿಸಿದಾಗ ರಭಸದ ಸುಳಿ ಏಳುತ್ತದೆ. ಪಿಷ್ಟದ ಕಣ ನೀರಿಗಿಂತ ಒಂದೂವರೆ ಪಟ್ಟು ಸಾಂದ್ರ. ಹಾಗಾಗಿ ಅದು ಗೋಡೆಗೆ ಒತ್ತಿಕೊಂಡು ಕೆಳಗಿನ ತೂತಿನಿಂದ ಹೊರಬರುತ್ತದೆ, ಹಗುರವಾದ ರಸ ನಡುವಿನಿಂದ ಮೇಲಕ್ಕೆ ಹೋಗುತ್ತದೆ. ಇಂಥ ಹತ್ತಾರು, ನೂರಾರು ಕೊಳವೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ, ಅಂಥ ಪೆಟ್ಟಿಗೆಗಳನ್ನು ಸಾಲಾಗಿ ಇಡುತ್ತಾರೆ.

ಜಾಣತನ ಇರುವುದು ಸಾಲಿನಲ್ಲಿ. ಪಿಷ್ಟ ಮುಂದಕ್ಕೆ ಹೋದರೆ ನೀರು ಹಿಂದಕ್ಕೆ ಬರುತ್ತದೆ. ಹೊಸ ನೀರು ಬೀಳುವುದು ಕೊನೆಯ ಪೆಟ್ಟಿಗೆಗೆ ಮಾತ್ರ. ಅಲ್ಲಿಂದ ಹೊರಟದ್ದು ಅದರ ಹಿಂದಿನದಕ್ಕೆ, ಅಲ್ಲಿಂದ ಇನ್ನೂ ಹಿಂದಕ್ಕೆ, ಕಡೆಗೆ ಮಣ್ಣು ಮೆತ್ತಿದ ಗೆಡ್ಡೆ ತೊಳೆಯುವುದಕ್ಕೆ. ಗೆಡ್ಡೆಯ ಮಣ್ಣು ಕಳೆಯಲು ಕುಡಿಯುವಂಥ ನೀರು ಯಾರಿಗೆ ಬೇಕು? ಆದರೆ ಮರಳು, ನಾರು ಸರಿಯಾಗಿ ಸೋಸದೆ ಬಿಟ್ಟರೆ ಈ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ, ಪಂಪಿಗೆ ಕರೆಂಟೂ ಬೇಕು. ಚಿಕ್ಕ ಮಿಲ್ಲಿನವರು ಹಿಂಜರಿದರೆ ಅದಕ್ಕೆ ಕಾರಣವಿದೆ.

ಇಷ್ಟಾದರೂ ಉಳಿಯುವ ನೀರು ಸಾಧು ಅಲ್ಲ. ಗೆಡ್ಡೆ ತುರಿದಾಗ ಅದರಲ್ಲಿರುವ ಲಿನಮರಿನ್ ಎಂಬ ವಸ್ತು ಒಡೆದು ಹುಟ್ಟುವ ಸೈನೈಡ್ ಈ ನೀರಿನಲ್ಲೇ ಕರಗಿರುತ್ತದೆ. ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ. ಥಾಯ್ಲೆಂಡಿನ ದೊಡ್ಡ ಕಾರ್ಖಾನೆಗಳು ಹೊದಿಕೆ ಹಾಕಿದ ಕೊಳಗಳಲ್ಲಿ ಇದನ್ನು ಕೊಳೆಸಿ ಮೀಥೇನ್ ಹಿಡಿಯುತ್ತವೆ. ಪಿಷ್ಟ ಒಣಗಿಸುವ ಬಿಸಿಗಾಳಿಗೆ ಮೊದಲು ಎಣ್ಣೆ ಸುಡುತ್ತಿದ್ದ ಕಡೆ ಈಗ ಅದೇ ಅನಿಲ ಉರಿಯುತ್ತದೆ. ಸೇಲಂ ಭಾಗದ ಹಲವು ಮಿಲ್ಲುಗಳಲ್ಲೂ ಬಯೋಗ್ಯಾಸ್ ಘಟಕಗಳಿವೆ.

ಇನ್ನು ನಾವು ಮಾಡಬಹುದಾದದ್ದೂ ಒಂದಿದೆ. ಅಂಗಡಿಯಲ್ಲಿ ಕಣ್ಣು ಕೋರೈಸುವ ಬಿಳಿ ಸಬ್ಬಕ್ಕಿಯನ್ನೇ ಆರಿಸಿ ಕೊಳ್ಳುವುದನ್ನು ಬಿಡಿ. ಸ್ವಲ್ಪ ಮಂಕಾದದ್ದರಲ್ಲೂ ಸಂಡಿಗೆ ಚೆನ್ನಾಗಿಯೇ ಅರಳುತ್ತದೆ.