ಬಂದರಿಲ್ಲದ ಊರಿನ ರಫ್ತು

ಬೆಂಗಳೂರಿಗೆ ಕಡಲಿಲ್ಲ, ಬಂದರಿಲ್ಲ. ಆದರೂ ಭಾರತದಿಂದ ಪರದೇಶಗಳಿಗೆ ಹೋಗುವ ಸಾಫ್ಟ್‌ವೇರಿನಲ್ಲಿ ಬಹುದೊಡ್ಡ ಪಾಲು ಹೊರಡುವುದು ಈ ಊರಿನಿಂದಲೇ. ಈ ಸರಕಿಗೆ ಹಡಗು ಬೇಡ, ಉಗ್ರಾಣ ಬೇಡ. ಸುಂಕದ ಕಟ್ಟೆಯಲ್ಲಿ ಗಂಟು ಬಿಚ್ಚಿ ತೋರಿಸುವ ತೊಡಕೂ ಇಲ್ಲ.

ಈ ಸೋಜಿಗದ ಮೊದಲ ಹೆಜ್ಜೆ ಮೂಡಿದುದು 1985ರಲ್ಲಿ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕಚೇರಿ ತೆರೆದು, ಇಲ್ಲಿಯ ಎಂಜಿನಿಯರುಗಳ ಕೆಲಸವನ್ನು ಉಪಗ್ರಹದ ಮೂಲಕ ತನ್ನ ದೇಶಕ್ಕೆ ತರಿಸಿಕೊಳ್ಳುವ ಏರ್ಪಾಡು ಮಾಡಿತು. ತಂತ್ರವೇನೋ ಬಂದಿತು, ವ್ಯಾಪಾರದ ಕಟ್ಟುಗಳು ಮಾತ್ರ ಸಡಿಲಲಿಲ್ಲ. ಒಂದು ಕಂಪ್ಯೂಟರನ್ನು ತರಿಸಲು ಪರವಾನಗಿಗಾಗಿ ದಿಲ್ಲಿಯವರೆಗೆ ಅಲೆಯಬೇಕಾಗಿದ್ದ ಕಾಲವದು.

ಆ ಕಟ್ಟುಗಳನ್ನು ಬಿಚ್ಚಿಸಿದುದು ಸಂಕಟ. 1991ರಲ್ಲಿ ದೇಶದ ಬಳಿ ಉಳಿದಿದ್ದ ವಿದೇಶೀ ಹಣ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು. ಚಿನ್ನವನ್ನು ಪರದೇಶಕ್ಕೆ ಒಯ್ದು ಒತ್ತೆಯಿಡಬೇಕಾಯಿತು. ಜುಲೈ ತಿಂಗಳಲ್ಲಿ ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಲಾಯಿತು. 24ರಂದು ಅರ್ಥಸಚಿವ ಮನಮೋಹನ ಸಿಂಗರು ಮಂಡಿಸಿದ ಮುಂಗಡಪತ್ರವು ಆಮದು ಸುಂಕವನ್ನು ತಗ್ಗಿಸಿತು. ಅದೇ ವರ್ಷ ಸರ್ಕಾರ ಸ್ಥಾಪಿಸಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆಯು ಮುಂದೆ ಸಣ್ಣ ಕಂಪೆನಿಗಳಿಗೂ ಉಪಗ್ರಹ ಸಂಪರ್ಕವನ್ನು ಒದಗಿಸಿತು. ತಂತ್ರ, ವ್ಯಾಪಾರಗಳೆಂಬ ಜೋಡೆತ್ತು ಒಂದೇ ನೊಗಕ್ಕೆ ಹೆಗಲು ಕೊಟ್ಟವು.

ಆದರೆ ನೆಲ ಹದವಾಗಿರದಿದ್ದರೆ ಎತ್ತುಗಳು ಏನು ಮಾಡಿಯಾವು? ಊರವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆ 1909ರಲ್ಲಿ, ವಿಮಾನ ಕಾರ್ಖಾನೆ 1940ರಲ್ಲಿ, ಟೆಲಿಫೋನ್ ಕಾರ್ಖಾನೆ 1948ರಲ್ಲಿ ಇಲ್ಲಿ ನೆಲೆಗೊಂಡಿದ್ದವು. ಕಲಿತ ಕೈಗಳು ಮೊದಲೇ ಸಿದ್ಧವಾಗಿದ್ದುದರಿಂದಲೇ ಬಿತ್ತಿದುದು ಮೊಳೆಯಿತು.

ಬೆಳೆಯೊಡನೆ ಕಳೆಯೂ ಬಂದಿತು. ಕಂಪ್ಯೂಟರು ಮೊದಲಾದ ಸಾಮಗ್ರಿಗಳ ಮೇಲಿನ ಸುಂಕವನ್ನು ತೆಗೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತು. ಯಂತ್ರಗಳು ಅಗ್ಗವಾದವು, ಅವನ್ನು ಇಲ್ಲಿಯೇ ತಯಾರಿಸುತ್ತಿದ್ದವರು ಪೈಪೋಟಿಯಲ್ಲಿ ಹಿಂದೆ ಬಿದ್ದರು. ಈ ಉದ್ಯಮ ಇಂದು 50 ಲಕ್ಷಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟಿದೆ, ನಿಜ. ಆದರೆ ದೇಶದಲ್ಲಿ ದುಡಿಯುವ 100 ಜನರಲ್ಲಿ 40ಕ್ಕೂ ಹೆಚ್ಚು ಮಂದಿ ಈಗಲೂ ನಂಬಿರುವುದು ಬೇಸಾಯವನ್ನೇ.

ಕೆರೆ ತುಂಬಿದ ಮಾತ್ರಕ್ಕೆ ಕಡೆಯ ಗದ್ದೆ ನೆನೆಯದು, ಕಾಲುವೆಯನ್ನೂ ತೋಡಬೇಕು. ಆ ಕಾಲುವೆ ಹಳ್ಳಿಯ ಶಾಲೆಯ ಬಾಗಿಲಿನಿಂದಲೇ ಮೊದಲಾಗಬೇಕು.